ಕೇಬಲ್ ಸಡಿಲ ಮಾಡಿದ್ದು ಯಾರು?

ಹಳೆ ಕಾರು ಕೊಳ್ಳಲು ಬಂದವರು ಮೊದಲು ಮೀಟರ್ ನೋಡುತ್ತಾರೆ. ಆಮೇಲೆ ಎಷ್ಟನೇ ಓನರ್ ಅಂತ ಕೇಳುತ್ತಾರೆ. ಇದುವರೆಗೆ ಯಾರ್ಯಾರು ಏನೇನು ರಿಪೇರಿ ಮಾಡಿದ್ದಾರೆ, ಯಾಕೆ ಮಾಡಿದ್ದಾರೆ ಅಂತ ಕೇಳುವವರನ್ನು ನಾನು ನೋಡಿಲ್ಲ. ಕೇಳಬೇಕಾದದ್ದು ಅದನ್ನೇ ಅಂತ ಈಗ ಅನಿಸುತ್ತದೆ. ಇಪ್ಪತ್ತೈದು ವರ್ಷ ದಾಟಿದ ಗಾಡಿಯಲ್ಲಿ ಅರ್ಧ ತೊಂದರೆ ಸವೆದದ್ದರಿಂದ ಬರುತ್ತದೆ. ಇನ್ನರ್ಧ, ಹಿಂದೆ ಯಾರೋ ಸರಿ ಮಾಡಿದ್ದರಿಂದ ಬರುತ್ತದೆ.

ನಮ್ಮದು 1997ರ ಮಾರುತಿ 800. 796 ಸಿಸಿ, ಮೂರು ಸಿಲಿಂಡರ್, ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರ್, ನಾಲ್ಕು ಗೇರು. 1983ರ ಡಿಸೆಂಬರಿನಲ್ಲಿ ರಸ್ತೆಗೆ ಬಂದು 2014ರ ಜನವರಿಯಲ್ಲಿ ತಯಾರಿ ನಿಂತ ಮಾಡೆಲ್ಲು. ನಮ್ಮದಕ್ಕೆ ಕೆಎ 25 ನಂಬರು, ಅಂದರೆ ಹುಬ್ಬಳ್ಳಿಗೆ ಬೇರೆಯಾಗಿ ಕೆಎ 63 ಬರುವ ಮುಂಚಿನದು. ಮಾವ ತಗೊಂಡಿದ್ದರು. ಅವರಿಗೆ ಕಣ್ಣು ಮಂಜಾದ ಮೇಲೆ ಕೆಲವು ವರ್ಷ ಹಾವೇರಿಯಲ್ಲಿ ನಮ್ಮ ಮನೆಯವರ ಚಿಕ್ಕಪ್ಪನ ಮನೆಯಲ್ಲಿತ್ತು. ಆಮೇಲೆ ಮತ್ತೆ ಧಾರವಾಡಕ್ಕೆ, ನನ್ನ ಕೈಗೆ ಬಂತು. ಹುಬ್ಬಳ್ಳಿಯ ಕೆಲಸಕ್ಕೆ ನಾನು ಕೆಲವು ದಿನ ಚಿಗರಿ ಬಸ್ಸಿನಲ್ಲಿ ಹೋಗುತ್ತೇನೆ, ಕೆಲವು ದಿನ ಇದರಲ್ಲಿ.

ಬರುವಾಗಲೇ ಎರಡು ದೂರು ಇದ್ದವು. ರಿವರ್ಸ್ ಹಾಕಿದರೆ ಕರ್ರ್ ಅನ್ನುವ ಸದ್ದು, ಪಕ್ಕದ ಮನೆಯವರು ಹೊರಗೆ ಬಂದು ನೋಡುವಷ್ಟು. ಇನ್ನೊಂದು, ಆಕ್ಸಿಲರೇಟರ್ ಒತ್ತಿದ ಕೂಡಲೇ ಎಂಜಿನ್ ಒಂದು ಕ್ಷಣ ತಡೆಯುತ್ತಿತ್ತು, ಮುಗ್ಗರಿಸುತ್ತಿತ್ತು, ಆಮೇಲೆ ಎಳೆಯುತ್ತಿತ್ತು. ಉಣಕಲ್ ಸಿಗ್ನಲ್ಲಿನಲ್ಲಿ ಹಸಿರು ಬಿದ್ದು ಹಿಂದಿನವನು ಹಾರ್ನ್ ಒತ್ತುವಾಗ ಆ ಒಂದು ಕ್ಷಣ ಬಹಳ ಉದ್ದ.

ಸಲಹೆಗೆ ಬರವಿಲ್ಲ. ಒಂದು ಗ್ಯಾರೇಜಿನವರು ಗೇರ್ ಬಾಕ್ಸ್ ಇಳಿಸಲೇಬೇಕು ಅಂದರು. ಇನ್ನೊಬ್ಬರು ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್, ಪೂರ್ತಿ ಸೆಟ್ ಹಾಕಿಬಿಡೋಣ ಅಂದರು. ಮೂರನೆಯವರು ಗಾಡಿಯನ್ನು ನೋಡಲೇ ಇಲ್ಲ, ನನ್ನನ್ನು ನೋಡಿದರು. "ಮೇಡಂ, ಕ್ಲಚ್ ಮ್ಯಾಲೆ ಕಾಲಿಟ್ಟ ಓಡಸ್ತೀರಿ ಅನಸ್ತದ." ಇದೇ ಗಾಡಿಯನ್ನು ನಮ್ಮ ಮನೆಯವರು ತಗೊಂಡು ಹೋದಾಗ ಯಾರೂ ಹೀಗೆ ಹೇಳಲಿಲ್ಲ ಅನ್ನುವುದನ್ನು ಬಿಡಿ. ಲೆಕ್ಕವೇ ತಪ್ಪು. ಕ್ಲಚ್ ಮೇಲೆ ಕಾಲಿಟ್ಟು ಓಡಿಸಿದರೆ ಪ್ಲೇಟ್ ಸವೆದು ಜಾರುತ್ತದೆ. ಎಂಜಿನ್ ಕೂಗುತ್ತದೆ, ಗಾಡಿ ಹೋಗುವುದಿಲ್ಲ. ನಿಂತಲ್ಲಿ ಗೇರು ಕರ್ರ್ ಅನ್ನುವುದು ಇದರ ಉಲ್ಟಾ. ಅಲ್ಲಿ ಪೆಡಲ್ ಒತ್ತಿದರೂ ಕ್ಲಚ್ ಎಂಜಿನ್ನಿನ ಹಿಡಿತ ಪೂರ್ತಿ ಬಿಡುತ್ತಿಲ್ಲ.

ಗೋಕುಲ ರೋಡಿನ ಕಡೆ ಒಬ್ಬ ವಯಸ್ಸಾದ ಮಿಸ್ತ್ರಿ ಇದ್ದಾರೆ. ಎಲ್ಲರೂ ಕಾಕಾ ಅಂತಲೇ ಕರೆಯುತ್ತಾರೆ. ಕಾರ್ಬ್ಯುರೇಟರ್ ಬಿಚ್ಚಿ ಮತ್ತೆ ಸರಿಯಾಗಿ ಜೋಡಿಸುವವರು ಈಗ ಸಿಗುವುದು ಕಷ್ಟ. ಹೊಸ ಹುಡುಗರಿಗೆ ಸ್ಕ್ಯಾನರ್ ಚುಚ್ಚಿ ಕೋಡ್ ಓದುವುದು ಗೊತ್ತು. ಅದೂ ಒಂದು ವಿದ್ಯೆಯೇ. ಆದರೆ ನಮ್ಮ ಗಾಡಿಯಲ್ಲಿ ಸ್ಕ್ಯಾನರ್ ಚುಚ್ಚಲು ಜಾಗವೇ ಇಲ್ಲ.

ಕಾಕಾ ಬಾನೆಟ್ ತೆಗೆಯಲಿಲ್ಲ, ಪಾನಾ ಕೈಗೆ ತಗೊಳ್ಳಲಿಲ್ಲ. ಸ್ಟೂಲಿನ ಮೇಲೆ ಕೂತೇ ಕೇಳಿದರು.

"ಗಾಡಿ ಬಂದ್ ಇದ್ದಾಗ ಗೇರ್ ಬೀಳ್ತಾವಿಲ್ರೀ ಅಕ್ಕಾರ?"

"ಬೀಳ್ತಾವ್ರಿ ಕಾಕಾ. ಚಾಲೂ ಇದ್ದಾಗ ಅಷ್ಟ ತ್ರಾಸ."

"ನಿಂತಾಗೋ, ಓಡೋವಾಗೋ?"

"ನಿಂತಾಗ ರಿವರ್ಸಿಗೆ. ಓಡೋವಾಗ ಬರೇ ಸೆಕೆಂಡಿಗೆ, ಅದೂ ಮುಂಜಾನೆ."

"ಹಂಗಾದ್ರ ಅವು ಎರಡು ಬ್ಯಾರೆ ಬ್ಯಾರೆ ಅದಾವ್ರಿ. ಕೂಡಿಸಿ ಹೇಳಬ್ಯಾಡ್ರಿ."

ಇಷ್ಟು ಮಾತಿನಲ್ಲಿ ಅವರಿಗೆ ಅರ್ಧ ಗೊತ್ತಾಗಿತ್ತು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕಂದರೆ ಯಾವ ಹಳೆ ಗಾಡಿಗಾದರೂ ಉಪಯೋಗಕ್ಕೆ ಬರುತ್ತದೆ.

ಎಂಜಿನ್ ಬಂದ್ ಇದ್ದಾಗ ಗೇರುಗಳು ಸಲೀಸಾಗಿ ಬೀಳುತ್ತವೆ ಅಂದರೆ ಗೇರ್ ಲಿವರಿನಿಂದ ಡಬ್ಬಿವರೆಗೆ ಹೋಗುವ ರಾಡು, ಬುಷ್ ಎಲ್ಲ ಬಹುತೇಕ ಸರಿ ಇವೆ. ಚಾಲೂ ಮಾಡಿದಾಗ ಮಾತ್ರ ತೊಂದರೆ ಅಂದರೆ ಒಳಗೆ ನಿಲ್ಲಬೇಕಾದದ್ದು ಯಾವುದೋ ತಿರುಗುತ್ತಿದೆ. ಕ್ಲಚ್ ಒತ್ತಿದಾಗ ಎಂಜಿನ್ನಿಗೂ ಗೇರ್ ಡಬ್ಬಿಗೂ ಸಂಬಂಧ ಪೂರ್ತಿ ತಪ್ಪಬೇಕು. ಪ್ಲೇಟ್ ಒಂಚೂರು ಉಜ್ಜುತ್ತಿದ್ದರೂ ಡಬ್ಬಿಯೊಳಗಿನ ಶಾಫ್ಟ್ ತಿರುಗುತ್ತಲೇ ಇರುತ್ತದೆ. ತಿರುಗುವ ಹಲ್ಲಿಗೆ ನಿಂತ ಹಲ್ಲನ್ನು ತಾಗಿಸಿದರೆ ಕರ್ರ್ ಅನ್ನದೆ ಇನ್ನೇನು ಅಂದೀತು?

ಮುಂದಕ್ಕೆ ಹೋಗುವ ಗೇರುಗಳಲ್ಲಿ ಈ ಸದ್ದು ಅಷ್ಟು ಬೇಗ ಬರುವುದಿಲ್ಲ. ಅಲ್ಲಿ ಸಿಂಕ್ರೊ ರಿಂಗ್ ಇರುತ್ತದೆ. ಹೊರಟ ಬಸ್ಸು ಹತ್ತುವವರನ್ನು ನೋಡಿದ್ದೀರಲ್ಲ, ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ, ವೇಗ ಸಮ ಆದ ಮೇಲೆ ಕಂಬಿ ಹಿಡಿಯುತ್ತಾರೆ. ಆ ನಾಲ್ಕು ಹೆಜ್ಜೆ ಓಡುವ ಕೆಲಸ ಈ ಹಿತ್ತಾಳೆ ರಿಂಗಿನದು. ಗೇರಿನ ಪಕ್ಕದ ಓರೆ ಮುಖಕ್ಕೆ ಉಜ್ಜಿ ಎರಡರ ವೇಗ ಒಂದು ಮಾಡುತ್ತದೆ, ಆಮೇಲೆ ಹಲ್ಲು ಕೂಡುತ್ತವೆ. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ಇದು ಬಂತು. ಅದಕ್ಕೂ ಮುಂಚೆ ಎಲ್ಲರೂ ಕಿವಿಯಿಂದಲೇ ವೇಗ ಹೊಂದಿಸಿ ಗೇರು ಹಾಕಬೇಕಿತ್ತು. ನಮ್ಮ ಹಳೆ ಲಾರಿ ಡ್ರೈವರುಗಳಿಗೆ ಆ ವಿದ್ಯೆ ಚೆನ್ನಾಗಿ ಗೊತ್ತು. ಅದರ ಮಾತು ಮುಂದೆ ಬರುತ್ತದೆ.

ರಿವರ್ಸಿಗೆ ಈ ಗಾಡಿಯಲ್ಲಿ ಸಿಂಕ್ರೊ ಇಲ್ಲ. ಹೇಗೂ ನಿಂತ ಮೇಲೆಯೇ ಹಾಕುವ ಗೇರು, ಅದಕ್ಕೆ ಯಾಕೆ ಖರ್ಚು ಅಂತ ಬಿಟ್ಟಿರುತ್ತಾರೆ. ಹಾಗಾಗಿ ಕ್ಲಚ್ಚಿನ ನಿಜ ತಿಳಿಯಬೇಕಾದರೆ ರಿವರ್ಸ್ ಗೇರನ್ನೇ ಕೇಳಬೇಕು. ಪರೀಕ್ಷೆ ಸರಳ. ಗಾಡಿ ನಿಂತಿರಲಿ, ಎಂಜಿನ್ ಚಾಲೂ ಇರಲಿ, ನ್ಯೂಟ್ರಲ್‌ನಲ್ಲಿರಲಿ. ಕ್ಲಚ್ ಪೂರ್ತಿ ಒತ್ತಿ. ಐದಾರು ಸೆಕೆಂಡ್ ಸುಮ್ನೆ ಕಾಯಿರಿ. ಆಮೇಲೆ ನಿಧಾನಕ್ಕೆ ರಿವರ್ಸ್ ಹಾಕಿ. ಸದ್ದಿಲ್ಲದೆ ಬಿದ್ದರೆ ಕ್ಲಚ್ ಸರಿ ಇದೆ, ನಿಮಗೆ ಅವಸರ ಜಾಸ್ತಿ ಅಷ್ಟೇ. ಎಷ್ಟು ಕಾದರೂ ಕರ್ರ್ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ.

ನಮ್ಮದು ಎಷ್ಟು ಕಾದರೂ ಕರ್ರ್ ಅಂತು.

ಕಾಕಾ ಆಗಲೂ ಪಾನಾ ಮುಟ್ಟಲಿಲ್ಲ. ಬಾಗಿ ಪೆಡಲಿನ ಕೆಳಗೆ ಕೈ ಹಾಕಿ ರಬ್ಬರ್ ಮ್ಯಾಟ್ ಎಳೆದು ಹೊರಗೆ ಹಾಕಿದರು. ಕೆಳಗೆ ಇನ್ನೊಂದು ಮ್ಯಾಟ್ ಇತ್ತು. ಧಾರವಾಡದ ಮಳೆಗಾಲದ ಕೆಸರಿಗೆ ಹೆದರಿ ಒಂದರ ಮೇಲೆ ಒಂದು ಹಾಸುವುದು ನಮ್ಮ ಕಡೆ ಹೊಸದೇನಲ್ಲ. ಆದರೆ ಪೆಡಲ್ ನೆಲ ಮುಟ್ಟುವ ಮುಂಚೆ ಮ್ಯಾಟ್ ಮುಟ್ಟಿದರೆ ಆ ಅರ್ಧ ಇಂಚಿನಲ್ಲೇ ಕ್ಲಚ್ ಬಿಡುವುದೋ ಬಿಡದಿರುವುದೋ ನಿರ್ಧಾರವಾಗುತ್ತದೆ. ಮ್ಯಾಟ್ ತೆಗೆದ ಮೇಲೆ ಸದ್ದು ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ.

ಆಮೇಲೆ ಕೈಯಿಂದ ಪೆಡಲ್ ಒತ್ತಿ ನೋಡಿದರು. ಮೇಲಿನಿಂದ ಒತ್ತುವಾಗ ಮೊದಲು ಸ್ವಲ್ಪ ದೂರ ಪೆಡಲ್ ಸುಮ್ನೆ ಇಳಿಯಬೇಕು, ಅರ್ಧ ಇಂಚು, ಒಂದು ಇಂಚು. ಇದಕ್ಕೆ ಪ್ಲೇ ಅನ್ನುತ್ತಾರೆ. ನಮ್ಮದರಲ್ಲಿ ಪೆಡಲ್ ಹತ್ತಿರ ಹತ್ತಿರ ಅರ್ಧ ದಾರಿ ಖಾಲಿಯೇ ಇಳಿಯುತ್ತಿತ್ತು. ಈ ಗಾಡಿಯ ಕ್ಲಚ್ ಕೇಬಲ್ಲಿನದು. ಕೇಬಲ್ ಎಷ್ಟು ಎಳೆಯುತ್ತದೋ ಅಷ್ಟೇ ಕ್ಲಚ್ ಬಿಡುತ್ತದೆ. ಪ್ಲೇ ಜಾಸ್ತಿಯಾದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರು ಕರ್ರ್ ಅನ್ನುತ್ತದೆ. ಪ್ಲೇ ಇಲ್ಲವೇ ಇಲ್ಲ ಅಂದರೆ ಕ್ಲಚ್ ಯಾವಾಗಲೂ ಅರ್ಧ ಒತ್ತಿದಂತೆಯೇ ಇರುತ್ತದೆ, ಪ್ಲೇಟ್ ಜಾರುತ್ತದೆ, ಬೇರಿಂಗ್ ಬೇಗ ಹೋಗುತ್ತದೆ.

ಕೇಬಲ್ ಹಳೆಯದಾದಂತೆ ಎಳೆದು ಉದ್ದವಾಗುತ್ತದೆ, ಅದು ಸಹಜ. ಹಾಗೇ ಆಗಿರಬೇಕು ಅಂತ ನಾನಂದೆ. ಕಾಕಾ ಗೇರ್ ಡಬ್ಬಿಯ ಹತ್ತಿರ ಕೇಬಲ್ಲಿನ ತುದಿ ತೋರಿಸಿದರು. ಅಲ್ಲಿ ಥ್ರೆಡ್ ಇರುವ ಕಡ್ಡಿ, ಅದರ ಮೇಲೆ ಅಡ್ಜಸ್ಟ್ ಮಾಡುವ ನಟ್ಟು. ನಟ್ಟಿನ ಆಚೆ ಥ್ರೆಡ್ಡಿನ ಮೇಲೆ ಒಂದು ಪಟ್ಟಿ ಮಾತ್ರ ತುಕ್ಕಿಲ್ಲದೆ ಹೊಳೆಯುತ್ತಿತ್ತು. ವರ್ಷಗಟ್ಟಲೆ ನಟ್ಟು ಕೂತಿದ್ದ ಜಾಗ.

"ಇದನ್ನ ಯಾರೋ ಬೇಕಂತ ಸಡ್ಲ ಮಾಡ್ಯಾರ್ರೀ. ತಾನ ಆಗಿದ್ದಲ್ಲ."

ಯಾರು, ಯಾಕೆ? ಕಾಕಾನಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಅವರು ನಟ್ಟು ತಿರುಗಿಸಿ, ಪ್ಲೇ ನೋಡಿ, ಕೇಬಲ್ಲಿನ ಒಳಗೆ ಎರಡು ಹನಿ ಎಣ್ಣೆ ಬಿಟ್ಟರು. ರಿವರ್ಸ್ ಬಿತ್ತು. ಒಂದು ಸಣ್ಣ ಟಿಕ್ ಅಷ್ಟೇ. ಗೇರ್ ಬಾಕ್ಸ್ ಇಳಿಸುವ ಮಾತು ಅಲ್ಲಿಗೆ ಮುಗಿಯಿತು. ನನಗೆ ಮಾತ್ರ ಆ ಹೊಳೆಯುವ ಪಟ್ಟಿ ತಲೆಯಲ್ಲಿ ಕೂತಿತ್ತು.

ಎಂಜಿನ್ ತಡೆಯುವ ವಿಷಯಕ್ಕೆ ಬಂದಾಗ ಕಾಕಾ ನೃಪತುಂಗ ಬೆಟ್ಟಕ್ಕೆ ಹೋಗಿ ಬರ್ರಿ ಅಂದರು. ಸೂರ್ಯಾಸ್ತ ನೋಡಲು ಅಲ್ಲ. ಬೆಟ್ಟದ ಏರಿನಲ್ಲಿ ಥರ್ಡ್ ಗೇರಿನಲ್ಲಿ ಬರುತ್ತಾ ಒಮ್ಮೆ ಜೋರಾಗಿ ಆಕ್ಸಿಲರೇಟರ್ ಒತ್ತಿ ನೋಡಬೇಕಿತ್ತು. ಎಂಜಿನ್ನಿನ ಕೂಗು ಏರಿ ಗಾಡಿ ಏರದಿದ್ದರೆ ಕ್ಲಚ್ ಜಾರುತ್ತಿದೆ. ಕೂಗೂ ಏರದೆ ಗಾಡಿಯೂ ಏರದಿದ್ದರೆ ಎಂಜಿನ್ನೇ ಸೊರಗಿದೆ. ಸೀಟಿನಲ್ಲಿ ಕೂತವರಿಗೆ ಎರಡೂ ಒಂದೇ ಅನಿಸುತ್ತದೆ, ಪಿಕಪ್ ಇಲ್ಲ ಅಂತ. ಈ ಗಾಡಿಯಲ್ಲಿ ಆರ್‌ಪಿಎಂ ಮೀಟರ್ ಇಲ್ಲ, ಕಿವಿಯೇ ಮೀಟರ್. ಸಂಜೆ ವಾಕಿಂಗಿಗೆ ಬಂದವರ ನಡುವೆ ಅದನ್ನು ಮಾಡುವುದು ಬೇಡ ಅಂತ ಬೆಳಗ್ಗೆ ಬೇಗ ಹೋದೆ. ಎಂಜಿನ್ನಿನ ಕೂಗು ಏರಲಿಲ್ಲ. ಮೊದಲು ಗುಕ್ಕ್ ಅಂತು, ತಡೆಯಿತು, ಆಮೇಲೆ ಎಳೆಯಿತು. ಜಾರುವ ಕ್ಲಚ್ ಹೀಗೆ ಮಾಡುವುದಿಲ್ಲ.

ಅಲ್ಲೂ ಕೇಳಬೇಕಾದ ಪ್ರಶ್ನೆ ಯಾವಾಗ ಅನ್ನುವುದೇ. ಬೆಳಗ್ಗೆ ಥಂಡಿ ಎಂಜಿನ್ನಿನಲ್ಲಿ ಮಾತ್ರ ಅಂದರೆ ಚೋಕ್ ಕಡೆ ನೋಡಬೇಕು. ಏಪ್ರಿಲ್ ಬಿಸಿಲಿನಲ್ಲಿ ಟ್ರಾಫಿಕ್ಕಿನಲ್ಲಿ ನಿಂತ ಮೇಲೆ ಮಾತ್ರ ಅಂದರೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗುತ್ತಿರಬಹುದು. ಬೈಪಾಸಿನಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಸೊರಗಿದರೆ ಪೆಟ್ರೋಲ್ ಫಿಲ್ಟರ್ ಅಥವಾ ಪಂಪ್. ಮಳೆ ಬಂದಾಗ ಮಾತ್ರ ಮಿಸ್ಸಿಂಗ್ ಹೊಡೆದರೆ ಪ್ಲಗ್ಗಿನ ವೈರು. ಇದಕ್ಕೆ ಒಂದು ಹಳೆ ಉಪಾಯ ಇದೆ: ರಾತ್ರಿ ಕತ್ತಲಲ್ಲಿ ಬಾನೆಟ್ ತೆಗೆದು ಎಂಜಿನ್ ಚಾಲೂ ಮಾಡಿ ದೂರದಿಂದ ನೋಡಿದರೆ ಸೀಳಿದ ವೈರಿನಿಂದ ನೀಲಿ ಕಿಡಿ ಹಾರುವುದು ಕಾಣುತ್ತದೆ. ಕೈ ಮಾತ್ರ ಹಾಕಬೇಡಿ. ದೂಳು ತುಂಬಿದ ಏರ್ ಫಿಲ್ಟರ್ ಎಲ್ಲ ವೇಳೆಯಲ್ಲೂ ಗಾಡಿಯನ್ನು ಮಂಕು ಮಾಡುತ್ತದೆ. ನಮ್ಮೂರಿನ ದೂಳಿನ ಬಗ್ಗೆ ಬೇರೆ ಹೇಳಬೇಕಿಲ್ಲ ಅಲ್ವಾ.

ನಮ್ಮದು ಇದ್ಯಾವುದೂ ಅಲ್ಲ. ಥಂಡಿಯಲ್ಲೂ ಬಿಸಿಯಲ್ಲೂ ಒಂದೇ ರೀತಿ, ಕಾಲು ಒತ್ತಿದ ಮೊದಲ ಕ್ಷಣದಲ್ಲಿ ಮಾತ್ರ. ಕಾಕಾ ಏರ್ ಕ್ಲೀನರಿನ ಮುಚ್ಚಳ ತೆಗೆದು, ಎಂಜಿನ್ ಬಂದ್ ಇರುವಾಗಲೇ, ಕಾರ್ಬ್ಯುರೇಟರಿನ ಬಾಯೊಳಗೆ ನೋಡುತ್ತಾ ಕೈಯಿಂದ ಆಕ್ಸಿಲರೇಟರ್ ಎಳೆದರು. "ನೋಡ್ರಿ, ಪಿಚಕಾರಿ ಹೊಡೀಬೇಕಿತ್ತು." ಪೆಟ್ರೋಲಿನ ಒಂದು ತೆಳು ಧಾರೆ ಚಿಮ್ಮಬೇಕಿದ್ದ ಕಡೆ ಒಂದು ಹನಿ ಜಿನುಗಿ ನಿಂತಿತು.

ಇದರ ಹಿಂದಿನ ಕಾರಣ ನನಗೆ ತುಂಬ ಇಷ್ಟವಾಯಿತು. ನಾವು ಆಕ್ಸಿಲರೇಟರ್ ಒತ್ತಿದಾಗ ಮೊದಲು ತೆರೆಯುವುದು ಗಾಳಿಯ ಬಾಗಿಲು. ಗಾಳಿ ಹಗುರ, ತಟ್ಟನೆ ನುಗ್ಗುತ್ತದೆ. ಪೆಟ್ರೋಲ್ ಭಾರ, ಹಿಂದೆ ಬೀಳುತ್ತದೆ. ಆ ಒಂದು ಕ್ಷಣ ಎಂಜಿನ್ನಿಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಅದನ್ನು ತುಂಬಲು ಕಾರ್ಬ್ಯುರೇಟರಿನಲ್ಲಿ ಒಂದು ಪುಟ್ಟ ಪಂಪ್ ಇಟ್ಟಿದ್ದಾರೆ, ಆಕ್ಸಿಲರೇಟರ್ ಪಂಪ್ ಅಂತ. ಕಾಲು ಒತ್ತಿದ ಕೂಡಲೇ ಒಂದು ಗುಟುಕು ಪೆಟ್ರೋಲ್ ಚಿಮ್ಮಿಸುತ್ತದೆ. ಅದರೊಳಗಿನ ರಬ್ಬರಿನ ಪೊರೆ ಗಟ್ಟಿಯಾಗಿ ಬಿರಿದರೆ ಆ ಗುಟುಕು ಬರುವುದಿಲ್ಲ. ಗುಕ್ಕ್ ಅಂದದ್ದು ಅದಕ್ಕೇ. ಜೊತೆಗೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪ್ ಕೂಡ ತುದಿಯಲ್ಲಿ ಸೀಳಿತ್ತು. ಅಲ್ಲಿಂದ ಕಳ್ಳಗಾಳಿ ಒಳಗೆ ಹೋಗುತ್ತಿತ್ತು, ಕಿಡಿ ಹೊತ್ತಿಸುವ ಸಮಯವೂ ಸರಿಯಾಗಿ ಮುಂದಾಗುತ್ತಿರಲಿಲ್ಲ. ಪೊರೆ ಇರುವ ಕಿಟ್ ಹುಡುಕಲು ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಅಲೆಯಬೇಕಾಯಿತು. ಪೈಪಿನ ತುಂಡು ಚಿಲ್ಲರೆ ಕಾಸಿನದು.

ಎರಡನ್ನೂ ಬದಲಿಸಿದ ಮೇಲೆ ಒಂದು ವಿಚಿತ್ರ ಆಯಿತು. ಎಂಜಿನ್ ನಿಂತಲ್ಲೇ ಜೋರಾಗಿ ಕೂಗತೊಡಗಿತು. ಕಾಲು ಇಡದೆಯೇ. ಕಾಕಾ ನಕ್ಕರು. ನಿಂತಲ್ಲಿ ಎಂಜಿನ್ ಎಷ್ಟು ಜೋರು ತಿರುಗಬೇಕು ಅಂತ ಹೊಂದಿಸುವ ಐಡಲಿಂಗ್ ಸ್ಕ್ರೂ ಯಾರೋ ಬಹಳ ಒಳಗೆ ತಿರುಗಿಸಿದ್ದರು. ಕಳ್ಳಗಾಳಿಯಿಂದ ಸಿಗ್ನಲ್ಲಿನಲ್ಲಿ ಬಂದ್ ಬೀಳುವ ಎಂಜಿನ್ನನ್ನು ಹಾಗೆ ಎತ್ತಿ ಹಿಡಿದಿದ್ದರು. ಸೋರಿಕೆ ನಿಂತ ಮೇಲೆ ಆ ಎತ್ತರ ಬಯಲಾಯಿತು. ಸ್ಕ್ರೂ ಹಿಂದಕ್ಕೆ ತಿರುಗಿಸಿ ಐಡಲಿಂಗ್ ಇಳಿಸಿದರು. ಆಗ ರಿವರ್ಸಿನಲ್ಲಿ ಉಳಿದಿದ್ದ ಆ ಸಣ್ಣ ಟಿಕ್ ಕೂಡ ಹೋಯಿತು. ಎಂಜಿನ್ ನಿಂತಲ್ಲಿ ಎಷ್ಟು ಜೋರಾಗಿ ತಿರುಗುತ್ತದೋ, ಡಬ್ಬಿಯ ಶಾಫ್ಟೂ ಅಷ್ಟು ಜೋರು, ಅದು ನಿಲ್ಲಲು ಅಷ್ಟು ಹೊತ್ತು.

ಅಷ್ಟು ಹೊತ್ತಿಗೆ ನನಗೆ ಆ ಹೊಳೆಯುವ ಪಟ್ಟಿಯ ಕಥೆ ಅಂದಾಜಾಗಿತ್ತು. ಹಾವೇರಿಗೆ ಫೋನ್ ಮಾಡಿದೆ.

"ಚಿಕ್ಕಪ್ಪಾರ, ಗಾಡಿ ನಿಮ್ಮ ಕಡೆ ಇದ್ದಾಗ ಕ್ಲಚ್ಚಿಗೆ ಏನರ ಮಾಡಿಸಿದ್ರೇನ್ರಿ?"

"ಹೂಂನವ್ವಾ, ಪಿಕಪ್ಪ ಇರಲಿಲ್ಲ. ಕ್ಲಚ್ ಜಾರತೈತಿ ಅಂತ ಗ್ಯಾರೇಜಿನಾಂವ ಕೇಬಲ್ ಅಡ್ಜಸ್ಟ್ ಮಾಡಿ ಕೊಟ್ಟ. ಆಮ್ಯಾಲೆ ನಿಂತಲ್ಲೆ ಬಂದ್ ಬೀಳಾಕತ್ತು, ಆರ್‌ಪಿಎಂ ಏರಿಸಿ ಕೊಟ್ಟ. ಯಾಕ, ಏನಾತು?"

ಮೊದಲು ಹೋದದ್ದು ಒಂದು ರಬ್ಬರ್ ಪೊರೆ, ಒಂದು ರಬ್ಬರ್ ಪೈಪು. ಅದರಿಂದ ಎಂಜಿನ್ ತಡೆಯಿತು. ತಡೆದದ್ದನ್ನು ಕ್ಲಚ್ ಜಾರುವಿಕೆ ಅಂದುಕೊಂಡು ಕೇಬಲ್ ಸಡಿಲ ಮಾಡಿದರು. ಬಂದ್ ಬೀಳುವುದನ್ನು ಸ್ಕ್ರೂ ತಿರುಗಿಸಿ ಮುಚ್ಚಿದರು. ಈ ಎರಡೂ ಸೇರಿ ಗೇರು ಕರ್ರ್ ಅನ್ನತೊಡಗಿತು. ಆಮೇಲೆ ಬಂದವರು ಆ ಕರ್ರ್ ಕೇಳಿ ಗೇರ್ ಬಾಕ್ಸ್ ಇಳಿಸೋಣ ಅಂದರು. ಒಬ್ಬೊಬ್ಬರೂ ತಮ್ಮ ಮುಂದೆ ಕಂಡದ್ದಕ್ಕೆ ತಮಗೆ ಸರಿ ಅನಿಸಿದ ಉತ್ತರ ಕೊಟ್ಟಿದ್ದರು. ಚಿಕ್ಕಪ್ಪನಿಗೆ ಇದನ್ನೆಲ್ಲ ಹೇಳಲಿಲ್ಲ. ಗಾಡಿ ಈಗ ಚಲೋ ಐತ್ರಿ ಅಂದೆ.

ಸೆಕೆಂಡ್ ಗೇರಿನ ಬೆಳಗಿನ ಸದ್ದು ಬಾಕಿ ಇದೆ. ಅದು ಬೇರೆ ತೊಂದರೆ ಅಂತ ಕಾಕಾ ಮೊದಲೇ ಹೇಳಿದ್ದರು. ಓಡುವಾಗ, ಒಂದೇ ಗೇರಿಗೆ ಬರುವ ಸದ್ದು ಬಹುತೇಕ ಆ ಗೇರಿನ ಸಿಂಕ್ರೊ ರಿಂಗ್ ಸವೆದದ್ದು. ಊರೊಳಗೆ ಓಡುವ ಗಾಡಿಯಲ್ಲಿ ಸೆಕೆಂಡ್ ಗೇರಿಗೆ ಕೆಲಸ ಜಾಸ್ತಿ, ಅದೇ ಮೊದಲು ಸವೆಯುತ್ತದೆ. ಎಣ್ಣೆ ನೋಡಿದೆವು. ಡಬ್ಬಿಯ ಪಕ್ಕದ ಬೋಲ್ಟ್ ಬಿಚ್ಚಿದರೆ ಎಣ್ಣೆ ತೂತಿನ ಮಟ್ಟಕ್ಕೆ ಇರಬೇಕು, ನಮ್ಮದು ಕೆಳಗಿತ್ತು. ಹೊಸದು ಹಾಕುವಾಗ ಡಬ್ಬದ ಮೇಲೆ ಗೇರ್ ಎಣ್ಣೆಯ ದರ್ಜೆ ಜಿಎಲ್-4 ಅಂತ ಇದೆಯೋ ನೋಡಿ ತಗೊಂಡೆ. ಜಿಎಲ್-5 ಲಾರಿ, ಜೀಪುಗಳ ಹಿಂದಿನ ಹೌಸಿಂಗಿನ, ಅಂದರೆ ಹಿಂದಿನ ಚಕ್ರ ತಿರುಗಿಸುವ ಗೇರುಗಳ, ಭಾರ ತಡೆಯಲು ಮಾಡಿದ ಎಣ್ಣೆ. ನಂಬರ್ ದೊಡ್ಡದು ಅಂತ ಒಳ್ಳೆಯದು ಅಂದುಕೊಂಡು ಇಂಥ ಡಬ್ಬಿಗೆ ಹಾಕುವವರಿದ್ದಾರೆ. ಅದರಲ್ಲಿ ಬೆರೆಸುವ ಗಂಧಕದ ರಾಸಾಯನಿಕ ಕೆಲವು ಸಲ ಹಿತ್ತಾಳೆಯನ್ನು ತಿನ್ನುತ್ತದೆ. ತಿನ್ನದಿದ್ದರೂ ರಿಂಗಿಗೆ ಬೇಕಾದ ಹಿಡಿತ ಸಿಗದೆ ಜಾರುತ್ತದೆ.

ಹೊಸ ಎಣ್ಣೆಯಿಂದ ಸದ್ದು ಕಡಿಮೆಯಾಯಿತು, ಚಳಿಗಾಲದ ಬೆಳಗ್ಗೆ ಇನ್ನೂ ಬರುತ್ತದೆ. ರಿಂಗ್ ಹಾಕಬೇಕಾದರೆ ಡಬ್ಬಿ ಇಳಿಸಿ ಪೂರ್ತಿ ಬಿಚ್ಚಬೇಕು. ನಾನು ಬೇಡ ಅಂದೆ. ಈ ಗಾಡಿಯ ಬೆಲೆಗೆ ಆ ಖರ್ಚು ಹೊಂದುವುದಿಲ್ಲ. ಬಿಚ್ಚಿದ ಹಳೆ ಡಬ್ಬಿ ಮತ್ತೆ ಮೊದಲಿನ ಹಾಗೆ ಕೂತೀತು ಅನ್ನುವ ನಂಬಿಕೆಯೂ ನನಗಿಲ್ಲ. ಅದರ ಬದಲು ಕಾಕಾ ಲಾರಿಯವರ ಪದ್ಧತಿ ಹೇಳಿಕೊಟ್ಟರು. ಥರ್ಡಿನಿಂದ ಸೆಕೆಂಡಿಗೆ ಇಳಿಸುವಾಗ ಕ್ಲಚ್ ಒತ್ತಿ ನ್ಯೂಟ್ರಲಿಗೆ ತರಬೇಕು. ಕ್ಲಚ್ ಬಿಟ್ಟು ಒಮ್ಮೆ ಸಣ್ಣಗೆ ಆಕ್ಸಿಲರೇಟರ್ ಕೊಡಬೇಕು. ಮತ್ತೆ ಕ್ಲಚ್ ಒತ್ತಿ ಸೆಕೆಂಡ್ ಹಾಕಬೇಕು. ಡಬಲ್ ಕ್ಲಚ್ ಅನ್ನುತ್ತಾರೆ. ರಿಂಗ್ ಮಾಡಬೇಕಾದ ಕೆಲಸವನ್ನು ಕಾಲಿನಿಂದ ಮಾಡಿದ ಹಾಗಾಯಿತು. ಮೊದಮೊದಲು ಕಾಲಿಗೆ ಗೊಂದಲ, ಆಮೇಲೆ ಮಜಾ. ಪಕ್ಕದಲ್ಲಿ ಕೂತ ಮಗಳು ಮಾತ್ರ ಇದೇನು ಡ್ಯಾನ್ಸ್ ಅಂತ ಕೇಳುತ್ತಾಳೆ.

ಇನ್ನು ಬಾಕಿ ಇರುವುದು ಪೆಟ್ರೋಲ್ ಪೈಪುಗಳು. ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಕೊಟ್ಟರು. 1997ರಲ್ಲಿ ಈ ಗಾಡಿಯ ರಬ್ಬರ್ ಆರಿಸುವಾಗ ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಎಥೆನಾಲ್ ಹಳೆ ರಬ್ಬರನ್ನು ಉಬ್ಬಿಸುತ್ತದೆ, ಬಿರಿಸುತ್ತದೆ. ಟ್ಯಾಂಕಿನ ತಳದ ಹಳೆ ಕೊಳೆಯನ್ನು ಎಬ್ಬಿಸಿ ಫಿಲ್ಟರಿಗೆ ತರುತ್ತದೆ. ಗಾಳಿಯ ತೇವ ಹೀರುತ್ತದೆ. ಅದರಲ್ಲೇ ಆಮ್ಲಜನಕ ಇರುವುದರಿಂದ ಮಿಶ್ರಣವೂ ತೆಳುವಾಗುತ್ತದೆ. ಹೊಸ ಕಾರಿನ ಕಂಪ್ಯೂಟರ್ ಅದನ್ನು ತಾನೇ ಸರಿಮಾಡಿಕೊಳ್ಳುತ್ತದೆ, ಕಾರ್ಬ್ಯುರೇಟರಿಗೆ ಅದು ಗೊತ್ತಿಲ್ಲ. ಆ ಪೊರೆ ಬಿರಿಯುವುದರಲ್ಲಿ ಇದರ ಪಾಲೂ ಇರಬಹುದು ಅಂತ ನನ್ನ ಗುಮಾನಿ. ಕಾಕಾ ಹಾಗೆಲ್ಲ ಒಪ್ಪುವುದಿಲ್ಲ. "ಇಪ್ಪತ್ತ ವರ್ಷದ ರಬ್ಬರ್ರೀ, ನೀರಾಗ ಇಟ್ಟಿದ್ರೂ ಹರೀತಿತ್ತು" ಅನ್ನುತ್ತಾರೆ.

ಫಿಲ್ಟರ್ ಈಗ ಬೇಗ ಬೇಗ ಬದಲಿಸುತ್ತಿದ್ದೇನೆ. ಪೈಪುಗಳನ್ನು ಮಳೆಗಾಲಕ್ಕೆ ಮುಂಚೆ ಹಾಕಿಸಬೇಕು. ಎಥೆನಾಲ್ ತಡೆಯುವ ಪೈಪ್ ಅಂತ ಕೇಳಿ ತರಬೇಕು, ಅಂಗಡಿಯವನು ಎಲ್ಲಾ ಒಂದೇ ಅಂದರೆ ಎದ್ದು ಬರಬೇಕು. ಅಳತೆಗೆ ಇರಲಿ ಅಂತ ಕಾಕಾ ಹಳೆ ಪೈಪಿನ ಒಂದು ತುಂಡು ಕತ್ತರಿಸಿ ಕೊಟ್ಟಿದ್ದಾರೆ. ಈ ಸಲ ಏನು ಬದಲಿಸಿದೆವು, ಯಾಕೆ ಅಂತ ಒಂದು ಚೀಟಿಯಲ್ಲಿ ಬರೆದು ಆರ್‌ಸಿ ಜೊತೆಗೆ ಇಟ್ಟಿದ್ದೇನೆ. ಕ್ಲಚ್ ಕೇಬಲ್ಲಿನ ನಟ್ಟು ಮುಟ್ಟಬೇಡಿ ಅಂತ ಅದರ ಮೊದಲ ಸಾಲು.